ಮರುಧರೆಯಲ್ಲಿ ಮಕ್ಕಳೊಡನೆ

ಮಕ್ಕಳಿಗೆ ಪ್ರಕೃತಿಯ ಪರಿಚಯ ಮಾಡಿಸಬೇಕೆಂದು ಹೊರಡುವ ಕನ್ನಡನಾಡಿನ ತಂದೆತಾಯಿಗಳು ಸಾಧಾರಣವಾಗಿ ನೆನೆಯುವುದು ಆಗುಂಬೆಯ ಕಾಡನ್ನು, ಕಬಿನಿಯ ಹಿನ್ನೀರನ್ನು, ರಂಗನತಿಟ್ಟಿನ ಪಕ್ಷಿಸಂಕುಲವನ್ನು. ಮರುಭೂಮಿಯನ್ನು ನೆನೆಯುವವರು ವಿರಳ. ರಾಜಸ್ಥಾನದ ಪ್ರವಾಸವನ್ನು ಕೈಗೊಂಡವರಾದರೂ ಅರಮನೆಗಳನ್ನೂ ಕೋಟೆಗಳನ್ನೂ ಕಂಡು, ಜೈಸಲ್ಮೇರಿನ ಬಳಿಯ ಸಮ್ ಗ್ರಾಮದ ಮರಳುದಿಣ್ಣೆಗಳಲ್ಲಿ ಸಂಜೆಯ ಹೊತ್ತು ಒಂಟೆಯ ಮೇಲೊಂದು ಸುತ್ತು ಹೋಗಿ, ಸೂರ್ಯಾಸ್ತದ ಚಿತ್ರ ತೆಗೆದುಕೊಂಡು, ಥಾರ್ ಮರುಭೂಮಿಯನ್ನು ನೋಡಿದ್ದಾಯಿತೆಂಬ ತೃಪ್ತಿಯಿಂದ ಹಿಂದಿರುಗುತ್ತಾರೆ. ಮರಳು, ಮುಳ್ಳು, ಬಿಸಿಲು ಇವಲ್ಲದೆ ಅಲ್ಲಿ ಮಕ್ಕಳಿಗೆ ತೋರಿಸತಕ್ಕದ್ದು ಮತ್ತೇನಿದೆ ಎಂಬುದು ಅವರ ಭಾವನೆ. ನನ್ನ ಅನುಭವ ಇದಕ್ಕೆ ತೀರ ವಿರುದ್ಧವಾದದ್ದು. ನಿಸರ್ಗವನ್ನು ಓದಲು ಆಗತಾನೆ ತೊಡಗಿರುವ ಮಗುವಿಗೆ ಮರುಭೂಮಿಗಿಂತ ಒಳ್ಳೆಯ ಪಾಠಶಾಲೆ ದೊರೆಯುವುದು ಕಷ್ಟ.

ಕಾರಣವನ್ನು ತುಸು ವಿವರಿಸಬೇಕು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುತ್ತದೆ; ಜೈಸಲ್ಮೇರಿನಲ್ಲಿ ಬೀಳುವುದು 200 ಮಿಲಿಮೀಟರಿನ ಆಸುಪಾಸು. ಮಲೆನಾಡಿನ ಅರಣ್ಯದಲ್ಲಿ ಮರದ ಮೇಲೆ ಬಳ್ಳಿ, ಬಳ್ಳಿಯ ಮೇಲೆ ಪಾಚಿ, ಪಾಚಿಯ ನಡುವೆ ಸೀತಾಳೆ, ಹೀಗೆ ಒಂದರೊಳಗೊಂದು ಹೆಣೆದುಕೊಂಡಿರುವ ಆ ಸಮೃದ್ಧಿಯಲ್ಲಿ ಯಾವುದು ಎಲ್ಲಿ ಮೊದಲಾಗಿ ಎಲ್ಲಿ ಮುಗಿಯುವುದೆಂಬುದನ್ನು ಬೇರ್ಪಡಿಸಿ ಕಾಣಬೇಕಾದರೆ ಪಳಗಿದ ಕಣ್ಣು ಬೇಕು. ಹತ್ತು ವರ್ಷದ ಬಾಲಕನಿಗೆ ಅದೆಲ್ಲವೂ ಒಟ್ಟಾರೆ ಹಸುರಾಗಿ ಮಾತ್ರ ಕಾಣುವುದು ಸಹಜ. ಮರುಧರೆಯಲ್ಲಿ ಹಾಗಲ್ಲ. ನೀರಿಗಾಗಿ ತನ್ನ ಬೇರುಗಳನ್ನು ಸುತ್ತಲೂ ಚಾಚಿಕೊಂಡ ಪ್ರತಿಯೊಂದು ಗಿಡವೂ ನೆರೆಯ ಗಿಡದಿಂದ ಮಾರು ದೂರದಲ್ಲಿ ಒಂಟಿಯಾಗಿ ನಿಂತಿರುವುದರಿಂದ, ಅದರ ಆಕಾರ, ಅದರ ನೆರಳು, ಆ ನೆರಳನ್ನು ಆಶ್ರಯಿಸಿದ ಹುಳುಹುಪ್ಪಟೆ, ಬುಡದಲ್ಲಿ ಬಿಲ ತೋಡಿದ ಪ್ರಾಣಿ, ಇವೆಲ್ಲವೂ ಬಿಡಿಬಿಡಿಯಾಗಿ ಕಣ್ಣಿಗೆ ಬೀಳುತ್ತವೆ. ಕಾರಣವೂ ಕಾರ್ಯವೂ ಪಕ್ಕಪಕ್ಕದಲ್ಲಿಯೇ ನಿಂತು ಮಗುವಿನ ಪ್ರಶ್ನೆಗೆ ತಾವೇ ಉತ್ತರ ಕೊಡುತ್ತವೆ. ವಿರಳತೆಯೇ ಅಲ್ಲಿಯ ಉಪಾಧ್ಯಾಯ.

ಇಂಥ ವ್ಯಾಸಂಗಕ್ಕೆ ತಕ್ಕ ಮೊದಲ ಸ್ಥಳ ಜೋಧಪುರದಲ್ಲಿ, ಮೆಹರಾನಗಢ ಕೋಟೆಯ ಮಗ್ಗುಲಲ್ಲಿಯೇ ಉಂಟು. 1459ರಲ್ಲಿ ಆ ಕೋಟೆಗೆ ತಳಹದಿ ಹಾಕಿದ ರಾವ್ ಜೋಧಾನ ಹೆಸರನ್ನು ಹೊತ್ತಿರುವ ರಾವ್ ಜೋಧಾ ಡೆಸರ್ಟ್ ರಾಕ್ ಪಾರ್ಕ್ ಸುಮಾರು 70 ಹೆಕ್ಟೇರು ವಿಸ್ತಾರದ ಬಂಡೆಗಳ ಬೀಡು. ಕೋಟೆಯ ಆಡಳಿತ ನೋಡಿಕೊಳ್ಳುವ ಮೆಹರಾನಗಢ ಮ್ಯೂಸಿಯಂ ಟ್ರಸ್ಟ್ 2006ರಲ್ಲಿ, ದಿಲ್ಲಿಯ ಮರಗಳ ಬಗೆಗೆ ಪ್ರಸಿದ್ಧ ಗ್ರಂಥವನ್ನು ರಚಿಸಿದ ಪ್ರದೀಪ್ ಕೃಷನ್ ಅವರ ಮಾರ್ಗದರ್ಶನದಲ್ಲಿ, ಈ ನೆಲಕ್ಕೆ ಅದರದೇ ಆದ ಸಸ್ಯಸಂಪತ್ತನ್ನು ಮರಳಿ ತಂದುಕೊಡುವ ಕಾರ್ಯವನ್ನು ಆರಂಭಿಸಿತು; 2011ರಲ್ಲಿ ಉದ್ಯಾನ ಸಾರ್ವಜನಿಕರಿಗೆ ತೆರೆಯಿತು. ಹಳೆಯ ನಗರಪ್ರಾಕಾರದ ಸಿಂಘೋರಿಯಾ ಪೋಲ್ ಎಂಬ ಹೆಬ್ಬಾಗಿಲೇ ಈಗ ಅದರ ಸ್ವಾಗತಕೇಂದ್ರ. ಒಳಗೆ ಬಣ್ಣಬಣ್ಣದ ಗುರುತುಗಳುಳ್ಳ ಕಾಲುದಾರಿಗಳಿವೆ. ಜೊತೆಯಲ್ಲಿ ನಡೆದು ವಿವರಿಸುವ ಮಾರ್ಗದರ್ಶಕರೂ ಇದ್ದಾರೆ.

ಈ ಉದ್ಯಾನದ ಕಥೆಯನ್ನು ಮಕ್ಕಳಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಅಲ್ಲಿ ಕಾಣುವುದೆಲ್ಲವೂ ಆ ಕಥೆಯ ಮುಂದುವರಿಕೆಯೇ. ಮೆಕ್ಸಿಕೋ, ದಕ್ಷಿಣ ಅಮೆರಿಕಗಳ ಮೂಲದ ಒಂದು ಮುಳ್ಳುಜಾತಿಯ ಮರ ಜೋಧಪುರದ ಸೀಮೆಯಾದ ಮಾರವಾಡಕ್ಕೆ ಬಂದು ಬೇರೂರಿತು. ಬರಡು ನೆಲ ಹಸುರಾಗಲೆಂಬ ಸದುದ್ದೇಶದಿಂದ ಮಹಾರಾಜ ಉಮೇದಸಿಂಹರು ಅದರ ಬೀಜಗಳನ್ನು ವಿಮಾನದಿಂದ ಚೆಲ್ಲಿಸಿದರೆಂದು ಅಲ್ಲಿಯವರು ಹೇಳುತ್ತಾರೆ. ನಮ್ಮ ಬಳ್ಳಾರಿ, ರಾಯಚೂರು, ಚಿತ್ರದುರ್ಗದ ಓದುಗರಿಗೆ ಅದರ ಪರಿಚಯ ಮಾಡಿಕೊಡಬೇಕಾದ್ದಿಲ್ಲ. ಕೆರೆಯಂಗಳಗಳನ್ನೂ ಬೀಳುಹೊಲಗಳನ್ನೂ ಆಕ್ರಮಿಸಿ ನಿಂತಿರುವ ಬಳ್ಳಾರಿ ಜಾಲಿಯೇ ಅದು. ಕೋಟೆಯ ಸುತ್ತಲಿನ ಬಂಡೆಗಳ ಸಂದುಗಳಲ್ಲಿ ಬೇರಿಳಿಸಿದ್ದ ಈ ಜಾಲಿಯನ್ನು ಕಡಿದರೆ ಚಿಗುರುತ್ತಿತ್ತು, ಸುಟ್ಟರೂ ಚಿಗುರುತ್ತಿತ್ತು. ಕಡೆಗೆ ನೆರವಾದವರು ಖಂಡ್‌ವಾಲಿಯಾಗಳೆಂಬ ಕಲ್ಲುಗಣಿಯ ಕೆಲಸಗಾರರು. ಸುತ್ತಿಗೆಯಿಂದ ಬಂಡೆಯನ್ನು ತಟ್ಟಿ, ಅದರ ನಾದವನ್ನು ಆಲಿಸಿ, ಕಲ್ಲು ಎಲ್ಲಿ ಒಡೆದೀತೆಂಬುದನ್ನು ನಿಶ್ಚಯಿಸಬಲ್ಲ ಈ ಕುಶಲಿಗಳು ಉಳಿ ಸುತ್ತಿಗೆಗಳಿಂದಲೇ ಬಂಡೆಯನ್ನು ಕೊರೆದು, ಚಿಗುರುವ ಶಕ್ತಿಯಿರುವ ಬೇರಿನ ಭಾಗವನ್ನು ಹೊರತೆಗೆದರು; ಹೀಗಾದ ಗುಂಡಿಗಳಲ್ಲಿಯೇ ಆ ನೆಲದ ಸ್ವಂತ ಗಿಡಗಳನ್ನು ನೆಡಲಾಯಿತು. ಗ್ರಂಥವಿದ್ಯೆಯುಳ್ಳ ತಜ್ಞರಿಗೆ ಪರಿಹಾರ ಒದಗಿದ್ದು ಕಲ್ಲಿನ ಮರ್ಮವನ್ನು ಬಲ್ಲ ಶ್ರಮಜೀವಿಗಳಿಂದ ಎಂಬ ಅಂಶವನ್ನು ಮಕ್ಕಳು ಆ ಗುಂಡಿಗಳ ಎದುರಿನಲ್ಲಿಯೇ ನಿಂತು ಕೇಳಬೇಕು.

ಇಲ್ಲಿ ಮಾಡಬಹುದಾದ ಒಂದು ಸುಲಭವಾದ ಅಭ್ಯಾಸವನ್ನು ಹೇಳುತ್ತೇನೆ. ಆರೇಳು ಮೊಳ ಉದ್ದದ ಒಂದು ಹಗ್ಗವನ್ನು ಜೊತೆಗೆ ಒಯ್ಯಿರಿ. ಉದ್ಯಾನದ ಹೊರಗೆ, ರಸ್ತೆಯ ಅಂಚಿನ ಜಾಲಿಯ ಕೆಳಗೆ ಅದನ್ನು ವೃತ್ತಾಕಾರವಾಗಿ ಹರಡಿ, ಆ ವೃತ್ತದೊಳಗೆ ಎಷ್ಟು ಬಗೆಯ ಸಸ್ಯಗಳಿವೆಯೆಂದು ಮಕ್ಕಳು ಎಣಿಸಿ ಬರೆದುಕೊಳ್ಳಲಿ. ಉದ್ಯಾನದೊಳಗೆ, ದಾರಿಯ ಬದಿಯಲ್ಲಿ ಯಾವುದಾದರೂ ದೇಶೀಯ ಗಿಡದ ಬುಡದಲ್ಲಿ ಮತ್ತೊಮ್ಮೆ ಅದನ್ನೇ ಮಾಡಲಿ. ಹೆಸರು ತಿಳಿಯಬೇಕಾದ್ದಿಲ್ಲ, ಎಲೆಯ ಆಕಾರದಿಂದ ಒಂದು, ಎರಡು, ಮೂರು ಎಂದು ಲೆಕ್ಕ ಹಾಕಿದರೆ ಸಾಕು. ತನ್ನ ಅಡಿಯಲ್ಲಿ ಅನ್ಯ ಸಸ್ಯಗಳು ಮೊಳೆಯದಂತೆ ತಡೆಯುವ ದ್ರವ್ಯಗಳನ್ನು ಜಾಲಿಯ ಎಲೆಕಸ ಮಣ್ಣಿಗೆ ಬಿಡುತ್ತದೆಂಬ ವಿಷಯ ಆ ಎರಡು ಪಟ್ಟಿಗಳನ್ನು ಎದುರೆದುರು ಇಟ್ಟಾಗ ತಾನಾಗಿ ಮನದಟ್ಟಾಗುತ್ತದೆ. ಅದನ್ನು ತಂದೆಯಾಗಲಿ ತಾಯಿಯಾಗಲಿ ಮುಂಚಿತವಾಗಿ ಹೇಳದಿರುವುದೇ ಲೇಸು.

ಅನಂತರ ಕಲ್ಲು. ಬರಿಗೈಯಿಂದ ಬಂಡೆಯನ್ನು ಮುಟ್ಟಿ ನೋಡುವುದೂ ಒಂದು ವಿದ್ಯಾಭ್ಯಾಸ. ಕೋಟೆಯ ಅಡಿಯಲ್ಲಿರುವ ಕೆಂಗಂದು ಶಿಲೆ ಸುಮಾರು 75 ಕೋಟಿ ವರ್ಷಗಳ ಹಿಂದೆ ಜ್ವಾಲಾಮುಖಿಗಳಿಂದ ಹೊಮ್ಮಿದ ರಯೊಲೈಟ್. ಅದರ ಮೇಲೆ, ಬಹುಕಾಲದ ಬಳಿಕ, ನೀರಿನಿಂದ ಪದರಪದರವಾಗಿ ಕೂಡಿಕೊಂಡದ್ದು ಮರಳುಗಲ್ಲು. ಇವೆರಡೂ ಸಂಧಿಸುವ ಇಲ್ಲಿಯ ನೆಲೆಯನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಮರಳುಗಲ್ಲನ್ನು ಸವರಿದರೆ ಬೆರಳಿಗೆ ಕಣಗಳ ತರಿ ಹತ್ತುತ್ತದೆ. ರಯೊಲೈಟ್ ಅಷ್ಟು ಸುಲಭವಾಗಿ ಏನನ್ನೂ ಬಿಟ್ಟುಕೊಡುವುದಿಲ್ಲ. ಕೆಲವೆಡೆ ಅದು ತಣ್ಣಗಾಗುವಾಗ ಕುಗ್ಗಿ ಬಿರಿದು, ನೆಟ್ಟ ಕಂಬಗಳ ಸಾಲಿನಂತೆ ಸೀಳಿಕೊಂಡಿರುವುದನ್ನು ಕಾಣಬಹುದು. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿಬಂದ ಕನ್ನಡದ ಮಕ್ಕಳು ಇಂಥ ಶಿಲಾಸ್ತಂಭಗಳನ್ನು ಆಗಲೇ ಕಂಡಿದ್ದಾರೆ, ಸುಮಾರು 8.8 ಕೋಟಿ ವರ್ಷಗಳ ಹಿಂದಿನ ಅವುಗಳಿಗೂ ಇವಕ್ಕೂ ವಯಸ್ಸಿನಲ್ಲಿ ಅಪಾರ ಅಂತರವಿದ್ದರೂ, ಲಾವಾರಸ ತಣಿಯುವಾಗ ಅನುಸರಿಸಿದ ನಿಯಮ ಒಂದೇ. ಸಮುದ್ರತೀರದಲ್ಲಿ ಕಂಡದ್ದನ್ನು ಮರುಭೂಮಿಯಲ್ಲಿ ಗುರುತಿಸುವ ಮಗುವಿಗೆ ಆಗುವ ಆನಂದವನ್ನು ಯಾವ ಪಠ್ಯಪುಸ್ತಕವೂ ಕೊಡಲಾರದು.

ಗಿಡಗಳ ವಿಚಾರದಲ್ಲಿ ಒಂದೇ ಪ್ರಶ್ನೆಯನ್ನು ಹಿಡಿದು ಹೊರಟರೆ ಒಂದು ಮುಂಜಾನೆ ಸಾರ್ಥಕವಾಗುತ್ತದೆ: ಈ ಗಿಡ ತನ್ನ ಆಹಾರವನ್ನು ಎಲ್ಲಿ ತಯಾರಿಸುತ್ತದೆ? ಎಲೆಯಲ್ಲಿ ಎಂಬ ಶಾಲೆಯ ಉತ್ತರ ಇಲ್ಲಿ ಬಹುಬೇಗ ಸೋಲುತ್ತದೆ. ಕೈರ್ ಎಂಬ ಪೊದೆಯ ಮುಂದೆ ಮಂಡಿಯೂರಿ ಕುಳಿತು ನೋಡಿರಿ. ಹೆಣೆದುಕೊಂಡ ಹಸುರು ಕಡ್ಡಿಗಳು, ಪ್ರತಿ ಗಿಣ್ಣಿನಲ್ಲಿಯೂ ಜೋಡಿಮುಳ್ಳು, ಅಷ್ಟೆ. ಎಳೆಯ ರೆಂಬೆಗಳಲ್ಲಿ ಸೂಜಿಯ ಮೊನೆಯಂಥ ಎಲೆಗಳು ಮೂಡಿ ಕೆಲವೇ ದಿನಗಳಲ್ಲಿ ಉದುರಿಹೋಗುತ್ತವೆ. ಭೂತಗನ್ನಡಿಯನ್ನು ಆ ಕಡ್ಡಿಯ ಮೇಲೆ ಹಿಡಿದಾಗ ಅದರ ನಯವಾದ ಹಸುರು ತೊಗಟೆಯೇ ಎಲೆಯ ಕಾರ್ಯವನ್ನು ವಹಿಸಿಕೊಂಡಿರುವುದು ಅರಿವಾಗುತ್ತದೆ. ಎಲೆಯೆಂಬುದು ನೀರನ್ನು ಆವಿಯಾಗಿ ಕಳೆಯುವ ಬಾಗಿಲೂ ಆದದ್ದರಿಂದ, ಆ ಬಾಗಿಲನ್ನೇ ತೆಗೆದುಹಾಕಿ ಬದುಕುವ ಉಪಾಯ ಇದು. ಇದೇ ಪೊದೆ ಇಟ್ಟಿಗೆಗೆಂಪು ಹೂಗಳನ್ನು ಬಿಟ್ಟು ಕಾಯಿಗಟ್ಟುತ್ತದೆ. ಆ ಕಾಯಿಯೇ ಜೋಧಪುರದ ಊಟದಲ್ಲಿ ಬಡಿಸುವ ಕೈರ್-ಸಾಂಗ್ರಿಯ ಪಲ್ಯದ ಅರ್ಧಭಾಗ. ಬೆಳಗ್ಗೆ ಗಿಡವನ್ನು ನೋಡಿದ ಮಕ್ಕಳು ಮಧ್ಯಾಹ್ನ ಅದರ ಕಾಯಿಯನ್ನು ತಟ್ಟೆಯಲ್ಲಿ ಗುರುತಿಸಲಿ.

ಕೈರಿನ ಉಪಾಯ ಒಂದಾದರೆ ಥೋರ್ ಎಂಬ ಕಳ್ಳಿಯದು ಮತ್ತೊಂದು: ಮಳೆ ಬಂದಾಗ ಎಲೆ ತಳೆದು, ಒಣಹವೆ ಬಂದೊಡನೆ ಅದನ್ನು ತ್ಯಜಿಸಿ, ನೀರು ತುಂಬಿದ ದಪ್ಪ ಕಾಂಡದಿಂದಲೇ ಕಾಲ ಕಳೆಯುತ್ತದೆ. ಅದರ ಮುಳ್ಳುಮೆಳೆಯ ನಡುವೆ ಆಡುಮೇಕೆಗಳ ಬಾಯಿಗೆ ಸಿಕ್ಕದೆ ಎಳೆಯ ಸಸಿಗಳು ಬೆಳೆಯುವುದನ್ನು ಇಣುಕಿ ನೋಡಬಹುದು. ಆದರೆ ಅದರ ಹಾಲು ಕಣ್ಣಿಗೆ ತಗುಲಿದರೆ ಅಪಾಯವಾದ್ದರಿಂದ ಮುರಿಯಲು ಬಿಡಕೂಡದು. ಎಕ್ಕದ ಗಿಡ ನಮಗೆಲ್ಲ ಪರಿಚಿತವಷ್ಟೆ. ಅದರ ಎಲೆಯ ಮೇಲಿನ ಬೂದುಬಣ್ಣದ ಮೇಣದ ಲೇಪ ಏತಕ್ಕೆ, ವಿಷದ ಹಾಲುಳ್ಳ ಆ ಎಲೆಯನ್ನು ಪ್ಲೇನ್ ಟೈಗರ್ ಚಿಟ್ಟೆಯ ಕಂಬಳಿಹುಳು ಹೇಗೆ ತಿಂದು ಅರಗಿಸಿಕೊಂಡು, ಅದೇ ವಿಷದಿಂದ ಹಕ್ಕಿಗಳ ಬಾಯಿಗೆ ಕಹಿಯಾಗಿ ತನ್ನನ್ನು ರಕ್ಷಿಸಿಕೊಳ್ಳುತ್ತದೆ ಎಂಬುದನ್ನು ನಮ್ಮೂರಿನ ಎಕ್ಕದಲ್ಲಿಯೂ ನೋಡಬಹುದಿತ್ತು; ಅಲ್ಲಿ ಅದು ನೂರು ಗಿಡಗಳಲ್ಲಿ ಒಂದಾಗಿ ಮರೆಯಾಗಿತ್ತು, ಇಲ್ಲಿ ಬಯಲಿನಲ್ಲಿ ಒಂಟಿಯಾಗಿ ನಿಂತು ತನ್ನನ್ನು ನೋಡೆನ್ನುತ್ತದೆ.

ಬನ್ನಿಯ ಮರ ನಮಗೆ ಇನ್ನೂ ಹತ್ತಿರದ್ದು. ಜೋಧಪುರದಿಂದ ಸುಮಾರು 26 ಕಿಲೋಮೀಟರು ದೂರದ ಖೇಜಡಲಿ ಗ್ರಾಮಕ್ಕೆ ನಾವು ಹೋದಾಗ ಹಾವೇರಿಯ ಕಡೆಯ ಒಂದು ಕುಟುಂಬ ಜೊತೆಗಿತ್ತು. ದಾರಿಯ ಹೊಲಗಳಲ್ಲಿ ಅಲ್ಲಲ್ಲಿ ನಿಂತಿದ್ದ ಖೇಜಡಿ ಮರವನ್ನು ಮಾರ್ಗದರ್ಶಕ ತೋರಿಸುತ್ತಲೇ ಆ ಮನೆಯ ಹಿರಿಯಾಕೆ ಮೊಮ್ಮಗಳ ಕೈಹಿಡಿದು, “ಇದು ನಮ್ಮ ಬನ್ನಿ ಗಿಡ ಅಲ್ಲೇನವ್ವಾ? ದಸರಾದಾಗ ಬನ್ನಿ ತಗೊಂಡು ಬಂಗಾರದ್ಹಾಂಗ ಇರೋಣು ಅಂತೀವಲ್ಲ, ಅದಽ ಇದು” ಎಂದರು. “ಹೌದೇನಜ್ಜಿ? ಇಲ್ಲಿ ಇದರ ಕಾಯಿ ತಿಂತಾರಂತ” ಎಂದು ಹುಡುಗಿ ತಾನು ಆಗತಾನೆ ಕಲಿತದ್ದನ್ನು ಅಜ್ಜಿಗೆ ಹೇಳಿಕೊಟ್ಟಳು. ಆಳಕ್ಕಿಳಿದ ಬೇರಿನಿಂದ ನೀರು ಹೀರುವ, ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುವ ಈ ಮರದ ಅಡಿಯಲ್ಲಿ ಸಜ್ಜೆಯ ಬೆಳೆ ಸೊಂಪಾಗಿ ಬರುತ್ತದೆ. ಎಲೆ ಆಡಿಗೆ ಮೇವು, ಕಾಯಿ ಮನೆಗೆ ಸಾಂಗ್ರಿ. 1730ರಲ್ಲಿ ಜೋಧಪುರದ ಅರಸನ ಕಡೆಯವರು ಇಲ್ಲಿಯ ಖೇಜಡಿಗಳನ್ನು ಕಡಿಯಲು ಬಂದಾಗ ಅಮೃತಾದೇವಿಯೆಂಬ ಬಿಷ್ಣೋಯಿ ಹೆಣ್ಣುಮಗಳು ಮರವನ್ನು ತಬ್ಬಿ ನಿಂತು ಪ್ರಾಣಾರ್ಪಣೆ ಮಾಡಿದಳು. ಆಕೆಯೂ ಸೇರಿ 363 ಮಂದಿ ಹತರಾದರೆಂಬುದು ಬಿಷ್ಣೋಯಿ ಸಮಾಜ ಕಾಪಾಡಿಕೊಂಡು ಬಂದಿರುವ ಸ್ಮರಣೆ. ಆ ಊರಿನ ಸುತ್ತ ಕೃಷ್ಣಮೃಗಗಳೂ ಚಿಂಕಾರಗಳೂ ಮನುಷ್ಯರಿಗೆ ಅಂಜದೆ ಹೊಲಗಳಲ್ಲಿ ಮೇಯುವುದನ್ನು ನೋಡಿದ ಮೇಲೆ, ಈ ಇತಿಹಾಸವನ್ನು ಮಕ್ಕಳಿಗೆ ಬಿಡಿಸಿ ಹೇಳಬೇಕಾದ ಪ್ರಮೇಯ ಬರುವುದಿಲ್ಲ.

ಬಂಡೆಯ ಪಾಠ ಜೋಧಪುರದಲ್ಲಾದರೆ ಮರಳಿನ ಪಾಠಕ್ಕೆ ಜೈಸಲ್ಮೇರಿಗೆ ಹೋಗಬೇಕು. 1980ರಲ್ಲಿ ಸ್ಥಾಪಿತವಾದ ಅಲ್ಲಿಯ ಮರುಭೂಮಿ ರಾಷ್ಟ್ರೀಯ ಉದ್ಯಾನ ಜೈಸಲ್ಮೇರ್ ಮತ್ತು ಬಾಡಮೇರ್ ಜಿಲ್ಲೆಗಳಲ್ಲಿ 3,162 ಚದರ ಕಿಲೋಮೀಟರು ಹರಡಿಕೊಂಡಿದೆ. ಮರುಭೂಮಿಯೆಂದರೆ ಬರಿಯ ಮರಳುದಿಣ್ಣೆಗಳೆಂದು ಭಾವಿಸಿ ಹೋದವರಿಗೆ, ಅದರಲ್ಲಿ ದಿಣ್ಣೆಗಳಿರುವುದು ಒಂದು ಭಾಗದಲ್ಲಿ ಮಾತ್ರ ಎಂಬುದೂ, ಉಳಿದದ್ದು ಹುಲ್ಲುಗಾವಲು, ಕಲ್ಲುಬಯಲು, ಕುರುಚಲು ಎಂಬುದೂ ಅಚ್ಚರಿಯನ್ನುಂಟುಮಾಡುತ್ತದೆ. ದಿಣ್ಣೆಯ ಮೇಲೆ ಕುಳಿತು ಮಕ್ಕಳು ಮುಷ್ಟಿಯಿಂದ ಒಣಮರಳನ್ನು ಒಂದೇ ಕಡೆ ಸುರಿಯಲಿ. ರಾಶಿ ಎಷ್ಟು ದೊಡ್ಡದಾದರೂ ಅದರ ಇಳಿಜಾರು ಒಂದು ಮಿತಿಯನ್ನು, ಹೆಚ್ಚುಕಡಮೆ 34 ಡಿಗ್ರಿಯ ಕೋನವನ್ನು, ದಾಟುವುದಿಲ್ಲ. ಮತ್ತಷ್ಟು ಸುರಿದರೆ ಜಾರುತ್ತದೆ. ಈಗ ತಲೆಯೆತ್ತಿ ದಿಣ್ಣೆಯ ಗಾಳಿಮರೆಯ ಮಗ್ಗುಲನ್ನು ನೋಡಿದರೆ ಅದೂ ಅದೇ ಕೋನದಲ್ಲಿ ನಿಂತಿದೆ. ಗಾಳಿ ಬೀಸಿ ಬರುವ ಮಗ್ಗುಲಾದರೋ ಸಾವಕಾಶವಾಗಿ ಏರುತ್ತದೆ. ಗಾಳಿಯೇ ಇಲ್ಲದ ಹೊತ್ತಿನಲ್ಲಿಯೂ, ದಿಕ್ಸೂಚಿಯೊಂದನ್ನು ಹಿಡಿದು ಎರಡು ಮಗ್ಗುಲುಗಳನ್ನು ಹೋಲಿಸಿದ ಹುಡುಗ, ಈ ದಿಣ್ಣೆಯನ್ನು ಕಟ್ಟಿದ ಗಾಳಿ ಬೇಸಗೆಯ ನೈಋತ್ಯದಿಂದ ಬಂದದ್ದೆಂದು ಹೇಳಬಲ್ಲ.

ನನಗೆ ಎಲ್ಲಕ್ಕಿಂತ ಪ್ರಿಯವಾದ ಅಭ್ಯಾಸ ಹೆಜ್ಜೆಗುರುತಿನದು. ಸಂಜೆ, ಬಿಡಾರದಿಂದ ಸ್ವಲ್ಪ ದೂರ, ಪೊದೆಯೊಂದರ ಹತ್ತಿರ ಒಂದು ಚದರ ಗಜದಷ್ಟು ಮರಳನ್ನು ಹಲಗೆಯಿಂದ ಸಮ ಮಾಡಿ, ಒರೆಸಿದ ಸ್ಲೇಟಿನಂತೆ ಬಿಟ್ಟುಬರಬೇಕು. ಸೂರ್ಯೋದಯಕ್ಕೆ ಹೋಗಬೇಕು; ಆಗ ಬಿಸಿಲು ಓರೆಯಾಗಿ ಬೀಳುವುದರಿಂದ ಅತಿಸಣ್ಣ ಗುರುತಿಗೂ ನೆರಳು ಮೂಡಿರುತ್ತದೆ, ಗಾಳಿಯೂ ಇನ್ನೂ ಎದ್ದಿರುವುದಿಲ್ಲ. ಎರಡು ಸಾಲಾಗಿ ಚುಕ್ಕೆಗಳನ್ನು ಹೊಲಿದಂತೆ ಸಾಗಿರುವುದು ಕಪ್ಪು ಜೀರುಂಡೆ. ಎರಡು ಉದ್ದ ಹಿಂಗಾಲುಗಳ ಗುರುತಿನ ನಡುವೆ ಬಾಲದ ಗೀರೊಂದಿದ್ದರೆ ಅದು ಇರುಳಿನಲ್ಲಿ ಕುಪ್ಪಳಿಸುವ ಮರುಭೂಮಿಯ ಇಲಿ. ಕಾಲಿನ ಗುರುತೇ ಇಲ್ಲದೆ ಹಾವು ಹರಿದಂತೆ, ಆದರೆ ಬೆರಳ ಗಾತ್ರದಲ್ಲಿ ಅಲೆಯಲೆಯಾಗಿ ಮರಳು ಉಬ್ಬಿದ್ದರೆ, ಮರಳಿನೊಳಗೆ ಈಜುವ ಚಿಕ್ಕ ಹಾವುರಾಣಿಯ ಜಾತಿಯದು. ಹೆಜ್ಜೆಗಳು ನೇರ ಸಾಲಿನಲ್ಲಿ, ಒಂದರ ಮುಂದೊಂದು ಬಿದ್ದಿದ್ದರೆ ನರಿಯೊಂದು ಹಾದುಹೋಗಿದೆ. ಇಲಿಯ ಗುರುತು ಅರ್ಧದಲ್ಲಿ ನಿಂತು, ಎರಡೂ ಬದಿಗೆ ರೆಕ್ಕೆಯ ಗರಿಗಳು ಸವರಿದ ಗೆರೆಗಳಷ್ಟೇ ಉಳಿದಿರುವುದೂ ಉಂಟು. ಅಂಥ ಕಡೆ ಏನು ನಡೆಯಿತೆಂದು ಮಕ್ಕಳೇ ಊಹಿಸಬೇಕು, ದೊಡ್ಡವರು ಬಾಯಿ ಬಿಡಬಾರದು. ಪ್ರತಿಯೊಂದು ಗುರುತನ್ನೂ ಅಳತೆಪಟ್ಟಿಯೊಡನೆ ಪುಸ್ತಕದಲ್ಲಿ ಚಿತ್ರಿಸಿಕೊಳ್ಳುವಂತೆ ಮಾಡಿದರೆ ಒಳ್ಳೆಯದು. ಫೋಟೋ ತೆಗೆಯುವ ಕೈ ನೋಡುವ ಕಣ್ಣನ್ನು ಅವಸರಪಡಿಸುತ್ತದೆ. ಬರೆಯುವ ಕೈ ಬೆರಳುಗಳನ್ನು ಎಣಿಸಲೇಬೇಕಾಗುತ್ತದೆ.

ಎರಡು ಉಷ್ಣಮಾಪಕಗಳಿದ್ದರೆ ಮತ್ತೊಂದು ಅಭ್ಯಾಸ. ಒಂದನ್ನು ಬಿಸಿಲಿನ ಮರಳ ಮೇಲೆ, ಇನ್ನೊಂದನ್ನು ಪೊದೆಯ ನೆರಳಿನಲ್ಲಿಟ್ಟು ಗಂಟೆಗೊಮ್ಮೆ ಬರೆದುಕೊಳ್ಳುವುದು. ಮುಳ್ಳುಬಾಲದ ಸಾಂಡಾ ಎಂಬ ಸಸ್ಯಾಹಾರಿ ಓತಿ ಬೆಳಗಿನ ಬಿಸಿಲಿಗೆ ಮೈಕಾಯಿಸಿಕೊಂಡು, ನೆಲ ಕಾದಂತೆ ಬಿಲದ ಬಾಯಿಯನ್ನು ಸೇರುವ ಹೊತ್ತಿಗೂ ಆ ಅಂಕಿಗಳಿಗೂ ಇರುವ ಸಂಬಂಧವನ್ನು ಮಕ್ಕಳು ಬೇಗನೆ ಪತ್ತೆ ಹಚ್ಚುತ್ತಾರೆ.

ಜೈಸಲ್ಮೇರಿನಿಂದ ಬಾಡಮೇರಿನ ದಾರಿಯಲ್ಲಿ 17 ಕಿಲೋಮೀಟರು ಹೋದರೆ ಆಕಲ್ ಸಿಗುತ್ತದೆ. 18 ಕೋಟಿ ವರ್ಷಗಳ ಹಿಂದಿನ ಮರಗಳು ಕಲ್ಲಾಗಿ ಅಲ್ಲಿ ಬಯಲಿನಲ್ಲಿ ಬಿದ್ದಿವೆ. ಇವುಗಳಲ್ಲಿ ಅತಿ ಉದ್ದನೆಯದು 13 ಮೀಟರು. ಈ ಬೆಂಗಾಡಿನಲ್ಲಿ ಅಂದು ಅಂಥ ಮರಗಳು ಬೆಳೆಯುವಷ್ಟು ಮಳೆ ಬೀಳುತ್ತಿತ್ತು. ಆ ಒಂದು ಮಾತನ್ನು ಹೇಳಿ ಮಕ್ಕಳನ್ನು ಅವುಗಳ ಬಳಿ ಬಿಟ್ಟರೆ ಸಾಕು.

ಮರುಭೂಮಿ ರಾಷ್ಟ್ರೀಯ ಉದ್ಯಾನದ ಸುದಾಸರಿಯ ಹುಲ್ಲುಗಾವಲಿನಲ್ಲಿ ಎರೆಭೂತ ಪಕ್ಷಿಯನ್ನು, ಇಂಗ್ಲಿಷಿನವರು ಗ್ರೇಟ್ ಇಂಡಿಯನ್ ಬಸ್ಟರ್ಡ್ ಎನ್ನುವುದನ್ನು, ಕಾಣುವ ಭಾಗ್ಯ ಕೆಲವರಿಗೆ ದೊರೆಯುತ್ತದೆ. ಒಂದು ಕಾಲಕ್ಕೆ ನಮ್ಮ ಬಯಲುಸೀಮೆಯಲ್ಲಿಯೂ ಓಡಾಡಿಕೊಂಡಿದ್ದ, ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಹೊಲಗಳಲ್ಲಿ ಬೆರಳೆಣಿಕೆಯಷ್ಟು ಮಾತ್ರ ಉಳಿದ ಈ ಹಕ್ಕಿ ಪ್ರಪಂಚದಲ್ಲಿ ಈಗ ಇರುವುದು ಇನ್ನೂರಕ್ಕೂ ಕಡಮೆ. ನೆಲದ ಮೇಲೆ ಒಂದೇ ಮೊಟ್ಟೆ ಇಡುತ್ತದೆ. ಭಾರವಾದ ದೇಹ ಹೊತ್ತು ಹಾರುವಾಗ ಎದುರಿನ ವಿದ್ಯುತ್ತಂತಿ ಅದರ ಕಣ್ಣಿಗೆ ಬೇಗ ಕಾಣದೆ ಡಿಕ್ಕಿ ಹೊಡೆದು ಸಾಯುತ್ತದೆ. ಮಕ್ಕಳು ಬಯಲಿನಲ್ಲಿ ಹಾದುಹೋದ ತಂತಿಗಳನ್ನು ನೋಡಿ ಈ ಸಂಬಂಧವನ್ನು ಕೇಳಿಯೇ ಕೇಳುತ್ತಾರೆ. ಸೌರ ಮತ್ತು ವಾಯುವಿದ್ಯುತ್ತು ನಮಗೆ ಬೇಕು, ಹಕ್ಕಿಯೂ ಬೇಕು ಎಂಬ ಇಕ್ಕಟ್ಟನ್ನು ಅವರಿಂದ ಮರೆಮಾಚುವುದು ತರವಲ್ಲ.

ಎಚ್ಚರಿಕೆಯ ಮಾತುಗಳು ಕೆಲವೇ. ಯಾವ ಬಿಲಕ್ಕೂ, ಯಾವ ಕಲ್ಲಿನ ಅಡಿಗೂ ಕೈ ಹಾಕಕೂಡದು. ಗರಗಸಮಂಡಲ ಹಾವು ಚಿಕ್ಕದಾದರೂ ಅದರ ವಿಷ ಚಿಕ್ಕದಲ್ಲ. ಪಾದ ಮುಚ್ಚುವ ಬೂಟು, ಟೋಪಿ, ತಲೆಗೆ ಎರಡು ಲೀಟರಿಗೆ ಕಡಮೆಯಿಲ್ಲದ ನೀರು ಇರಬೇಕು. ಕಲ್ಲು, ಗರಿ, ಪಳೆಯುಳಿಕೆಯ ಚೂರು, ಏನನ್ನೂ ಜೇಬಿಗಿಳಿಸಬಾರದು. ಪುಸ್ತಕದಲ್ಲಿನ ಚಿತ್ರವೇ ಸಂಗ್ರಹ.

ಕಾಲದ ವಿಷಯದಲ್ಲಿ ನಮ್ಮ ಶಾಲೆಗಳ ಬೇಸಗೆಯ ರಜೆ ಇದಕ್ಕೆ ಸರ್ವಥಾ ಅಯೋಗ್ಯ. ದಸರೆಯ ರಜೆಯೇ ಸೂಕ್ತವಾದದ್ದು. ಮಳೆಯ ತೇವ ಆರುವ ಮುನ್ನ ಹೋದವರಿಗೆ ಜೋಧಪುರದ ಶಿಲೋದ್ಯಾನದ ಕಳ್ಳಿಗಳಲ್ಲಿ ಎಲೆಯಿನ್ನೂ ಉಳಿದಿರುವ ಸಾಧ್ಯತೆಯುಂಟು. ಅಷ್ಟು ಹೊತ್ತಿಗೆ ಜೋಧಪುರ ಜೈಸಲ್ಮೇರುಗಳ ನಡುವೆ ಫಲೋದಿಯ ಬಳಿಯ ಖೀಚನ್ ಗ್ರಾಮಕ್ಕೆ, ಮಂಗೋಲಿಯ ಮತ್ತು ಮಧ್ಯ ಏಷ್ಯದಿಂದ ಹಾರಿಬಂದ ಕುರ್ಜಾ ಎಂಬ ಕ್ರೌಂಚಪಕ್ಷಿಗಳೂ ಇಳಿದಿರುತ್ತವೆ. ಊರಿನವರು ಅವಕ್ಕೆಂದೇ ಕಾಳು ಚೆಲ್ಲುವ ಅಂಗಳವನ್ನು ಬೆಳಗ್ಗೆ ಪಕ್ಕದ ಮನೆಯ ಮಾಳಿಗೆಯಿಂದ ನೋಡಬಹುದು. ಸಾವಿರಾರು ಹಕ್ಕಿಗಳನ್ನು ಎಣಿಸುವುದು ಹೇಗೆಂದು ಮಕ್ಕಳು ಕೇಳಿದರೆ, ಮೊದಲು ಹತ್ತನ್ನು ಎಣಿಸಿ ಅವು ಆವರಿಸಿದ ಜಾಗವನ್ನು ಕಣ್ಣಳತೆಯಲ್ಲಿ ಹಿಡಿಯಲಿ, ಅಂಥ ಹತ್ತು ಜಾಗಗಳನ್ನು ಕೂಡಿಸಿ ನೂರು ಮಾಡಲಿ, ಆ ನೂರರ ತುಂಡು ಅಂಗಳದಲ್ಲಿ ಎಷ್ಟು ಸಲ ಕೂರುತ್ತದೆಂದು ನೋಡಲಿ. ಮನೆಯ ಪ್ರತಿಯೊಬ್ಬರೂ ಬೇರೆಬೇರೆಯಾಗಿ ಬರೆದ ಅಂಕಿಗಳನ್ನು ಕಡೆಗೆ ಒಟ್ಟಿಗೆ ಓದಿ, ಯಾರ ಅಂದಾಜು ಏಕೆ ಹೆಚ್ಚು, ಯಾರದು ಏಕೆ ಕಡಮೆ ಎಂದು ಅಲ್ಲಿಯೇ ಕುಳಿತು ಚರ್ಚಿಸಬೇಕು.